ಉಸ್ಸಪ್ಪಾ

ಪ್ಯಾಂಟಿನ ಗುಂಡಿ ಕಿತ್ತುಬರುವುದಕ್ಕೊಂದು ಮುಹೂರ್ತವಿದೆ: ಆಫೀಸಿಗೆ ಹೊರಡಲು ಐದು ನಿಮಿಷ ಇರುವಾಗ. ಹಾರಿದ ಗುಂಡಿ ಕಾಲ ಬುಡದಲ್ಲೇ ಬೀಳುವ ಸೌಜನ್ಯವನ್ನೂ ತೋರದೆ, ಉರುಳಿಕೊಂಡು ದಿವಾನದಡಿ ಹೊಕ್ಕು ಗೋಡೆಯ ಮೂಲೆಗೇ ಹೋಗಿ ಮಲಗುತ್ತದೆ. ನಲವತ್ತೈದು ದಾಟಿದ ಗೃಹಸ್ಥ ಮೊದಲು ಮನೆಯಲ್ಲಿ ಮಕ್ಕಳು ಯಾರಾದರೂ ಇದ್ದಾರೆಯೇ ಎಂದು ಕೂಗಿ ನೋಡುತ್ತಾನೆ. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ದಿವಾನಕ್ಕೊಂದು ಕೈ ಕೊಟ್ಟು, ಒಂದು ಮಂಡಿ ಊರಿ, ಇನ್ನೊಂದನ್ನೂ ಊರಿ, ಕೆನ್ನೆ ನೆಲಕ್ಕೆ ತಾಗಿಸಿ ಇಣುಕುತ್ತಾನೆ. ಅಲ್ಲಿಯವರೆಗೆ ಎಲ್ಲ ಸಲೀಸು. ಏಳುವಾಗ ಬರುತ್ತದೆ ನೋಡಿ, ಹೊಟ್ಟೆಯಾಳದಿಂದ: "ಉಸ್ಸಪ್ಪಾ!"

ಕೇಳಿಸಿಕೊಂಡವರೆಲ್ಲ ಹೇಳುವುದು ಒಂದೇ ಮಾತು, "ವಯಸ್ಸಾಯ್ತಲ್ಲ." ಇಷ್ಟು ಸೋಮಾರಿಯಾದ ರೋಗನಿರ್ಣಯ ಇನ್ನೊಂದಿಲ್ಲ. ತೊಡೆಗಳು ಹೊರುವ ಭಾರ ಅವುಗಳ ಮಿತಿಯ ಹತ್ತಿರ ಬಂದಾಗ ದೇಹ ಉಸಿರು ಬಿಗಿಹಿಡಿದು, ಗಂಟಲು ಮುಚ್ಚಿ, ನಡುವನ್ನು ಗಟ್ಟಿ ಮಾಡಿಕೊಳ್ಳುತ್ತದೆ. ಎದ್ದಾದ ಮೇಲೆ ಆ ಉಸಿರು ಹೊರಬೀಳುವ ಸದ್ದೇ ಉಸ್ಸಪ್ಪಾ. ಇಪ್ಪತ್ತರ ಹುಡುಗನೂ ಅಕ್ಕಿಮೂಟೆ ಎತ್ತಿದಾಗ ಹಾಗೇ ಅನ್ನುತ್ತಾನೆ. ಇಲ್ಲಿ ಮೂಟೆಯೂ ನಾವೇ, ಹಮಾಲನೂ ನಾವೇ, ಅಷ್ಟೇ.

ಇನ್ನು ಹಾರಿದ ಗುಂಡಿಯ ವಿಚಾರ. ಪ್ಯಾಂಟಿನ ಸೊಂಟದಳತೆಯನ್ನು ಹಿಡಿದು ಗಂಭೀರ ಸಂಶೋಧನೆ ಮಾಡಿದವರಿದ್ದಾರೆ ಎಂದರೆ ನಗಬೇಡಿ. ಲಂಡನ್ನಿನ ಕೆಂಪು ಡಬಲ್ ಡೆಕರ್ ಬಸ್ಸಿನಲ್ಲಿ ಡ್ರೈವರು ದಿನವಿಡೀ ಕುಳಿತೇ ಇರುತ್ತಿದ್ದ; ಕಂಡಕ್ಟರು ಟಿಕೆಟ್ಟಿಗಾಗಿ ಮೇಲಕ್ಕೂ ಕೆಳಕ್ಕೂ ಹತ್ತಿಳಿಯುತ್ತಾ ದಿನಕ್ಕೆ 500ರಿಂದ 750 ಮೆಟ್ಟಿಲು ಏರುತ್ತಿದ್ದ. ಒಂದೇ ಬಸ್ಸು, ಒಂದೇ ಊರು, ಹೆಚ್ಚುಕಡಿಮೆ ಒಂದೇ ತರಹದ ಮನೆಮಠ. ಜೆರ್ರಿ ಮಾರಿಸ್ ಎಂಬ ವೈದ್ಯ ತನ್ನ ಸಂಗಡಿಗರೊಂದಿಗೆ ಈ ಸಿಬ್ಬಂದಿಯ ಹೃದಯದ ಲೆಕ್ಕ ತೆಗೆದ. ಹರೆಯದವರೂ ಇಲ್ಲ, ಮುದುಕರೂ ಇಲ್ಲ, ಎಲ್ಲರೂ 35ರಿಂದ 64ರ ನಡುವಿನವರು. 1953ರಲ್ಲಿ ಪ್ರಕಟವಾದ ಫಲಿತಾಂಶ: ಕಂಡಕ್ಟರುಗಳಿಗೆ ಹೃದಯಾಘಾತ ಡ್ರೈವರುಗಳಿಗಿಂತ ಕಡಿಮೆ, ಬಂದರೂ ತಡವಾಗಿ, ಕೊಲ್ಲುವುದೂ ಕಡಿಮೆ.

ಅನುಮಾನದ ಜನ ಸುಮ್ಮನಿರುತ್ತಾರೆಯೇ? ಕುಳಿತು ಕೆಟ್ಟರೋ, ಕೆಡುವವರೇ ಕೂರುವ ಕೆಲಸಕ್ಕೆ ಸೇರಿದರೋ ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಮಾರಿಸ್ ಅದಕ್ಕೆ ಉತ್ತರ ಹುಡುಕಿದ್ದು ಸಂಸ್ಥೆ ಕೊಡುವ ಸಮವಸ್ತ್ರದ ದಫ್ತರದಲ್ಲಿ. ಸಾವಿರಾರು ಜನರ ಪ್ಯಾಂಟಿನ ಸೊಂಟದಳತೆ ಅಲ್ಲಿ ವಯಸ್ಸಿನ ಸಮೇತ ಬರೆದಿಟ್ಟದ್ದಿತ್ತು. 1956ರಲ್ಲಿ ಅದೂ ಅಚ್ಚಾಯಿತು. ಡ್ರೈವರುಗಳ ಸೊಂಟ ಎಲ್ಲ ವಯಸ್ಸಿನಲ್ಲೂ ದಪ್ಪ, ಹೊಸದಾಗಿ ಸೇರಿದ ಹುಡುಗರದ್ದೂ ಕೂಡ! ಅಂದರೆ ಅನುಮಾನದವರು ಪೂರ್ತಿ ತಪ್ಪಿರಲಿಲ್ಲ. ಆದರೆ ಸೊಂಟಕ್ಕೆ ಸೊಂಟ ಸರಿಗಟ್ಟಿ ನೋಡಿದಾಗ, ತೆಳ್ಳಗಿನ ಕಂಡಕ್ಟರು ತೆಳ್ಳಗಿನ ಡ್ರೈವರಿಗಿಂತ, ಡೊಳ್ಳಿನ ಕಂಡಕ್ಟರು ಡೊಳ್ಳಿನ ಡ್ರೈವರಿಗಿಂತ ಕ್ಷೇಮವಾಗಿದ್ದ. ಮೆಟ್ಟಿಲಿನ ಪುಣ್ಯ ಹೊಟ್ಟೆಯನ್ನು ಕೇಳಿಕೊಂಡು ಬರುತ್ತಿರಲಿಲ್ಲ. ದರ್ಜಿಯ ಟೇಪಿನಿಂದ ಇಷ್ಟನ್ನು ಹೊರತೆಗೆದ ಮಾರಿಸ್, ಮುಪ್ಪಿನಲ್ಲೂ ಈಜು ನಡಿಗೆ ಬಿಡದೆ, 2009ರಲ್ಲಿ 99ನೇ ವಯಸ್ಸಿನಲ್ಲಿ ತೀರಿಕೊಂಡ.

ಡಬಲ್ ಡೆಕರ್ ಬೆಂಗಳೂರಿನಲ್ಲೂ ಓಡಾಡಿದ ಗಾಡಿಯೇ. ಈಗಿನ ನಮ್ಮ ಕಂಡಕ್ಟರಿಗೆ ಏಣಿಯಿಲ್ಲ ನಿಜ, ಆದರೆ 2023ರಿಂದ ಶಕ್ತಿ ಯೋಜನೆಯಿದೆ. ಹಣ ಕೊಡದ ಮಹಿಳೆಗೂ ಶೂನ್ಯ ದರದ ಟಿಕೆಟ್ ಹರಿಯಲೇಬೇಕು, ಅದಕ್ಕಾಗಿ ಉಸಿರಾಡಲು ಜಾಗವಿಲ್ಲದ ಬಸ್ಸಿನ ಈ ತುದಿಯಿಂದ ಆ ತುದಿಗೆ ನುಸುಳಲೇಬೇಕು. ಇದನ್ನು ವ್ಯಾಯಾಮವೆಂದು ಅವರೆದುರು ಹೇಳುವ ಧೈರ್ಯ ಯಾರಿಗೂ ಬೇಡ.

ಎಲ್ಲಿದ್ದೆವು? ದಿವಾನದಡಿ.

ನೆಲದಿಂದ ಏಳುವುದಕ್ಕೂ ಮಾರ್ಕು ಕೊಡುವವರಿದ್ದಾರೆ. ಬ್ರೆಜಿಲ್ಲಿನ ವೈದ್ಯ ಕ್ಲಾಡಿಯೊ ಜಿಲ್ ಅರಾವುಜೊ ಅವರ ಪರೀಕ್ಷೆಯಲ್ಲಿ ಕೂರಲು 5, ಏಳಲು 5, ಒಟ್ಟು 10 ಅಂಕ. ಕೈ, ಮೊಣಕೈ, ಮಂಡಿ ಏನೇ ಊರಿದರೂ ಒಂದೊಂದು ಅಂಕ ಖೋತಾ, ವಾಲಾಡಿದರೆ ಅರ್ಧ. 51ರಿಂದ 80 ವರ್ಷದ 2,002 ಮಂದಿಯನ್ನು ಸುಮಾರು ಆರು ವರ್ಷ ಗಮನಿಸಿದಾಗ, ಮೂರರೊಳಗೆ ಉಳಿದವರ ಸಾವಿನ ಪ್ರಮಾಣ ಎಂಟರ ಮೇಲಿನವರದ್ದಕ್ಕಿಂತ ಐದಾರು ಪಟ್ಟು. ನಮ್ಮ ಗೃಹಸ್ಥನಿಗೆ ಇಳಿಯುವಾಗಲೇ ಮೂರು ಅಂಕ ಹೋಗಿತ್ತು. ನಿಜಕ್ಕೂ ಮಂಡಿ ಸವೆದವರು, ಶಸ್ತ್ರಚಿಕಿತ್ಸೆ ಆದವರು ಈ ಪರೀಕ್ಷೆಗೆ ಕೂರಬಾರದು. ಕೂರಲೇಬೇಕೆಂದಿರುವ ಮಿಕ್ಕವರು ಪಕ್ಕದಲ್ಲೊಬ್ಬರನ್ನು ನಿಲ್ಲಿಸಿಕೊಳ್ಳಲಿ.

ಅಭ್ಯಾಸಕ್ಕೆ ಬೇಕಾದ ಸಾಮಾನು ನಮ್ಮ ಅಟ್ಟದ ಮೇಲೆಯೇ ಧೂಳು ತಿನ್ನುತ್ತಿದೆ. ಮೊದಲು ಗೋಡೆಗೆ ಒತ್ತಿಟ್ಟ, ಹದಿನೇಳು ಇಂಚಿನ ಗಟ್ಟಿ ಕುರ್ಚಿ. ಅಂಚಿಗೆ ಸರಿದು, ಹಿಮ್ಮಡಿಯನ್ನು ಮಂಡಿಗಿಂತ ತುಸು ಹಿಂದಕ್ಕೆಳೆದು, ಮೂಗು ಕಾಲ್ಬೆರಳಿನ ಮೇಲೆ ಬರುವಷ್ಟು ಬಾಗಿ, ಉಸಿರು ಬಿಡುತ್ತಾ ಏಳಬೇಕು. ಎಡವುವುದು ಇಲ್ಲೇ: ಪಾದ ಮುಂದೆ ಚಾಚಿ, ಬೆನ್ನು ನೆಟ್ಟಗಿಟ್ಟು ಏಳಲು ಹೋದರೆ ಭಾರ ಪಾದದ ಹಿಂದೆಯೇ ಉಳಿದು ಮತ್ತೆ ದೊಪ್ಪನೆ ಕೂರುತ್ತೀರಿ. ಇಳಿಯುವಾಗ ಮನಸ್ಸಿನಲ್ಲಿ ನಾಲ್ಕು ಎಣಿಸಿ; ತೊಡೆಗೆ ಅಸಲು ಕೆಲಸ ಆಗ ಸಿಗುತ್ತದೆ. ಮಂಡಿಗಳು ಒಂದಕ್ಕೊಂದು ಮುತ್ತಿಕ್ಕಬಾರದು. ಹತ್ತರಂತೆ ಎರಡು ಸರದಿ, ದಿನ ಬಿಟ್ಟು ದಿನ. ಅದು ಸಲೀಸಾದರೆ ಎಂಟಿಂಚಿನ ಸ್ಟೂಲು, ಆಮೇಲೆ ಊಟದ ಮಣೆ, ಆಮೇಲೆ ಬರಿನೆಲ. ನೆಲದಿಂದ ಏಳುವಾಗ ಪಕ್ಕಕ್ಕೆ ಹೊರಳಿ, ಅಂಬೆಗಾಲಿಗೆ ಬಂದು, ಗಟ್ಟಿ ಕಾಲನ್ನು ಮುಂದಿಟ್ಟು, ಅದೇ ತೊಡೆಯ ಮೇಲೆ ಕೈಯೊತ್ತಿ ಏಳುವುದು ಸರಿಯಾದ ದಾರಿ. ಅಂಕ ಹೋದರೆ ಹೋಗಲಿ.

ಸೋಫಾದ ಮೇಲೆ ಮಾತ್ರ ಕರುಣೆ ಬೇಡ. ಸ್ಪಂಜಿನಲ್ಲಿ ಕುಂಡೆ ಮಂಡಿಗಿಂತ ಕೆಳಗೆ ಹೂತುಹೋದ ಮೇಲೆ ಭೀಮನೂ ಹಿಡಿದೇಳಲು ಆಸರೆ ಹುಡುಕಬೇಕು. ಅದರ ಎದುರಿಗೆ ಟಿವಿ ಬೇರೆ. 50 ದಾಟಿದ ಅಮೆರಿಕದ ದಾದಿಯರು 45,176 ಮಂದಿಯನ್ನು 20 ವರ್ಷ ಹಿಂಬಾಲಿಸಿದ ಅಧ್ಯಯನ 2024ರಲ್ಲಿ ಬಂತು. ದಿನಕ್ಕೆ ಎರಡು ಗಂಟೆ ಟಿವಿ ಹೆಚ್ಚಿದಷ್ಟೂ ಗಟ್ಟಿಯಾಗಿ ಎಪ್ಪತ್ತು ದಾಟುವ ಸಂಭವ 12% ಇಳಿದಿತ್ತು; ಕೆಲಸದ ಜಾಗದಲ್ಲಿನ ಎರಡು ಗಂಟೆ ಹಗುರ ಓಡಾಟಕ್ಕೆ ಅದು 6% ಏರಿತ್ತು.

ಇಷ್ಟನ್ನೂ ಹೇಳಿದರೆ ಎದುರಿಗಿದ್ದವರು ಮಣಿಕಟ್ಟು ಮುಂದೆ ಚಾಚುತ್ತಾರೆ. "ನೋಡಿ, ಹತ್ತು ಸಾವಿರ ಹೆಜ್ಜೆ!" ಆ ಹತ್ತು ಸಾವಿರ 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರು, 'ಮಾನ್ಪೊಕೆ' ಎಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ. ಅಂಗಡಿಯ ಬೋರ್ಡು ಶಾಸ್ತ್ರವಾಗಿ ಕೂತಿದೆ. ನಡೆಯಿರಿ, ಬೇಡವೆಂದವರಾರು? ಆದರೆ ರಾತ್ರಿ 9,400ಕ್ಕೆ ನಿಂತ ಲೆಕ್ಕವನ್ನು ತುಂಬಿಸಲು ಸೋಫಾದ ಮೇಲೆ ಕೂತು ಕೈಯನ್ನು ಗಾಳಿಯಲ್ಲಿ ಆಡಿಸುವವರಿಗೆ ಏನು ಹೇಳುವುದು?

ಗುಂಡಿಯನ್ನು ಕೊನೆಗೆ ಪೊರಕೆಯ ಹಿಡಿಯಿಂದ ಎಳೆಯಲಾಯಿತು. ಮೊದಲು ಬಂದದ್ದು ಪೆನ್ನಿನ ಮುಚ್ಚಳ, ಆಮೇಲೆ ಎರಡು ಕಡಲೆಬೀಜ, ಆಮೇಲೆ ಗುಂಡಿ. ಅಷ್ಟರಲ್ಲಿ ಪ್ಯಾಂಟಿಗೆ ಸೇಫ್ಟಿ ಪಿನ್ ಬಿದ್ದು ಗೃಹಸ್ಥ ಬಸ್ಸಿನಲ್ಲಿದ್ದ. ಸೀಟು ಸಿಕ್ಕಿತ್ತು.