ಬಾಯಿ ಬಿಟ್ಟರೆ ಬಣ್ಣಗೇಡು

ಮಡಿಕೇರಿಯ ಪ್ರವಾಸಿ ಅಂಗಡಿಗಳಲ್ಲಿ ಜೇನುತುಪ್ಪ ಅಸಲಿಯೋ ನಕಲಿಯೋ ಎಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ, ಬೆಂಕಿಕಡ್ಡಿಯನ್ನು ಅದ್ದಿ ಗೀರಿ ನೋಡುವುದೂ ಬೇಕಿಲ್ಲ. ಅರೆಭಾಷೆಯಲ್ಲಿಯೋ ಕೊಡವ ತಕ್ಕ್‌ನಲ್ಲಿಯೋ ಬೆಲೆ ಕೇಳಿದರೆ ಸಾಕು. ಹಿಂದಿಯಲ್ಲಿ ಕೇಳಿದವರಿಗೆ "ಅಪ್ಪಟ ಕಾಡುಜೇನು, ನಮ್ಮದೇ ತೋಟದ್ದು" ಎಂದು ಒಂದೇ ಉಸಿರಿನಲ್ಲಿ ಕಾಡನ್ನೂ ತೋಟವನ್ನೂ ಸೇರಿಸಿ ಚಮಚದಲ್ಲಿ ನೆಕ್ಕಿಸುವ ಅಂಗಡಿಯವರು, ಊರಿನ ಮಾತು ಕಿವಿಗೆ ಬಿದ್ದ ಕೂಡಲೇ ಆಚೀಚೆ ನೋಡುತ್ತಾರೆ, ದನಿ ತಗ್ಗಿಸುತ್ತಾರೆ. "ನಿಮಗೆ ಯಾಕೆ ಇದೆಲ್ಲ? ಇದು ಟೂರಿಸ್ಟ್‌ಗಳಿಗೆ" ಎನ್ನುತ್ತಾರೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ಕೊಡಗಿನ ತುಡುವೆ ಜೇನು ಪೆಟ್ಟಿಗೆ ಪೆಟ್ಟಿಗೆಯೇ ಸತ್ತುಹೋಯಿತು. ಬಾಟಲಿಗಳಿಗೆ ಮಾತ್ರ ಆ ರೋಗ ತಗಲಲಿಲ್ಲ.

ಇದನ್ನು ಮೋಸ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಸತ್ಯವನ್ನು ಮಾತೃಭಾಷೆಯಲ್ಲಿ ಮಾತ್ರ ಹೇಳಬೇಕೆಂಬ ಭಾಷಾಭಿಮಾನ ಇನ್ನಾವ ಜಿಲ್ಲೆಯ ವ್ಯಾಪಾರಿಗಳಲ್ಲಿದೆ? ತೊಂದರೆ ಏನೆಂದರೆ, ಈ ಸತ್ಯಕ್ಕೆ ಗಿರಾಕಿಗಳೇ ಕಡಿಮೆ. 2011ರ ಜನಗಣತಿಯಲ್ಲಿ ಕೊಡವ ತಕ್ಕ್ ತಮ್ಮ ಮಾತೃಭಾಷೆ ಎಂದು ಬರೆಸಿದವರು ದೇಶದಾದ್ಯಂತ ಸೇರಿ 1.13 ಲಕ್ಷ ಮಂದಿ. ಒಂದು ದೀರ್ಘ ವಾರಾಂತ್ಯದಲ್ಲಿ ರಾಜಾಸೀಟ್ ರಸ್ತೆಯ ಕಾರುಗಳನ್ನು ನೋಡಿದವರಿಗೆ ಯಾವ ಭಾಷೆಯಲ್ಲಿ ವ್ಯಾಪಾರ ಮಾಡಿದರೆ ಲಾಭ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಚಿಕ್ಕಪ್ಪನಿಗೆ ಈ ಸತ್ಯದ ಮೇಲೆ ಎಂದೂ ಮೋಹವಿಲ್ಲ. ಚೇರಂಬಾಣೆಯ ಕಡೆಯವರು, ಸೇನೆಯಿಂದ ಹವಾಲ್ದಾರರಾಗಿ ನಿವೃತ್ತರಾದವರು. "ಸತ್ಯ ಕಟ್ಟಿಕೊಂಡು ನನಗೇನಾಗಬೇಕು? ಅವರಿಗೆ ರುಚಿ ನೋಡಲು ಕೊಡುತ್ತಾರೆ, ನಮಗೆ ಕೊಡುವುದಿಲ್ಲ. ಅದು ಅನ್ಯಾಯ" ಎಂಬುದು ಅವರ ವಾದ. ಅದಕ್ಕಾಗಿ ಅವರು ತಂಪು ಕನ್ನಡಕ ಹಾಕಿಕೊಂಡು, ಫಿರೋಜ್‌ಪುರದಲ್ಲಿ ಕಲಿತ ಹಿಂದಿಯೊಡನೆ ಅಂಗಡಿ ಹೊಕ್ಕರು. ಕುರ್ಚಿ ಬಂತು. ಚಾಕೊಲೇಟ್ ಚೂರು ಬಂತು, ಗೋಡಂಬಿಯದು ಒಂದು, ಅಂಜೂರದ್ದು ಒಂದು. ಬೆರಳುದ್ದದ ಕಾಗದದ ಲೋಟದಲ್ಲಿ ಕಾಫಿ ಬಂತು. ಚಿಕ್ಕಪ್ಪ ಕಾಲ ಮೇಲೆ ಕಾಲು ಹಾಕಿ, ಏಲಕ್ಕಿ ಯಾವ ಗಿಡದಲ್ಲಿ ಬೆಳೆಯುತ್ತದೆ, ಬಳ್ಳಿಯಲ್ಲಿಯೇ ಎಂದು ವಿಚಾರಿಸಿದರು. ಅಂಗಡಿಯವನು ತಾಳ್ಮೆಯಿಂದ ವಿವರಿಸುತ್ತಿದ್ದ. ಅಷ್ಟರಲ್ಲಿ ರಸ್ತೆಯ ಆಚೆಯಿಂದ ಚಿಕ್ಕಮ್ಮ ಅಪ್ಪಟ ಅರೆಭಾಷೆಯಲ್ಲಿ, ಭಾಗಮಂಡಲದ ಬಸ್ಸು ಹೊರಡುತ್ತಿದೆ, ಹಂದಿಮಾಂಸದ ಚೀಲ ಎಲ್ಲಿಟ್ಟಿರಿ ಎಂದು ಕೂಗಿದರು. ಚಿಕ್ಕಪ್ಪನ ಕೈಯಲ್ಲಿದ್ದ ಅಂಜೂರದ ಚೂರು ತಟ್ಟೆಗೆ ಹಿಂದಿರುಗಿತು. ಅವನಾಗಿ ಕಸಿದುಕೊಳ್ಳಲಿಲ್ಲವಂತೆ, ತಟ್ಟೆಯನ್ನು ಮುಂದೆ ಹಿಡಿದು ನಿಂತನಂತೆ.

ಆ ಚಾಕೊಲೇಟಿನ ಮೇಲೆ ಮನೆಯಲ್ಲೇ ತಯಾರಿಸಿದ್ದು ಎಂದು ಬರೆದಿರುತ್ತದೆ. ಕೊಡಗಿನ ಮನೆಗಳ ಅಡುಗೆಕೋಣೆ ನನಗೆ ಚೆನ್ನಾಗಿ ಗೊತ್ತು. ಅಲ್ಲಿ ಕಡುಬು ಬೇಯುತ್ತದೆ, ನೂಪುಟ್ಟು ಒತ್ತುತ್ತಾರೆ, ಮಳೆಗಾಲದಲ್ಲಿ ಕಣಿಲೆ ಹೆಚ್ಚಿ ನೀರಿಗೆ ಹಾಕುತ್ತಾರೆ, ಆಟಿ ತಿಂಗಳ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಮಾಡುತ್ತಾರೆ. ಮರುದಿನ ಬೆಳಿಗ್ಗೆ ಮೂತ್ರದ ಬಣ್ಣ ಕೆಂಪಾದರೆ ಪಾಯಸ ಸರಿಯಾಗಿತ್ತು ಎಂದು ಲೆಕ್ಕ. ಗುಣಮಟ್ಟಕ್ಕೆ ಇಷ್ಟು ಖಚಿತವಾದ ಪ್ರಮಾಣಪತ್ರ ಇರುವ ಪದಾರ್ಥವನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಬೇರೆಡೆಯಿಂದ ಬಂದ ಚಾಕೊಲೇಟ್ ಗಟ್ಟಿಯನ್ನು ಕರಗಿಸಿ ಅಚ್ಚಿಗೆ ಹೊಯ್ದರೆ ಅದು ನಮ್ಮ ಅಜ್ಜಿಯಂದಿರ ಕೈರುಚಿ.

ಕಿತ್ತಳೆಯ ಕಥೆ ಚಿಕ್ಕದು, ಏಕೆಂದರೆ ಕಿತ್ತಳೆಯೇ ಉಳಿದಿಲ್ಲ. ಭೌಗೋಳಿಕ ಸೂಚಿ ಮಾನ್ಯತೆ ಇರುವ ಕೊಡಗಿನ ಕಿತ್ತಳೆ ಹಸಿರು ಮಿಶ್ರಿತ ಹಳದಿ; ಸಿಪ್ಪೆ ಬಿಗಿ, ರುಚಿಯಲ್ಲಿ ಹುಳಿಯ ಎಳೆ. ಎಲ್ಲೋ ಒಬ್ಬರು ಅಸಲಿ ಹಣ್ಣನ್ನೇ ತಂದು ರಸ್ತೆಬದಿಯಲ್ಲಿಟ್ಟರೆ, ಇದಿನ್ನೂ ಕಾಯಿ ಎಂದು ಪ್ರವಾಸಿಗರು ಪಕ್ಕದ ಬುಟ್ಟಿಯ ಮಿರಮಿರ ಮಿನುಗುವ ನಾಗಪುರದ ಹಣ್ಣನ್ನು ಕೊಡಗಿನದೆಂದು ಕೊಳ್ಳುತ್ತಾರೆ.

ಅಂಗಡಿಯವರನ್ನಷ್ಟೇ ಆಡಿಕೊಂಡರೆ ನ್ಯಾಯವಾಗದು. ನಮ್ಮ ಮನೆಯೊಳಗೂ ಪ್ರವಾಸಿಗರಿದ್ದಾರೆ. ಬೆಂಗಳೂರಿನಲ್ಲಿರುವ ತಂಗಿ ರಜೆಗೆ ಬಂದವಳು ಕಚೇರಿಯ ಗೆಳತಿಯರಿಗೆ ಕೊಡಲು ಊರಿನ ವಿಶೇಷ ಏನಾದರೂ ಬೇಕು ಎಂದಳು. ಚಿಕ್ಕಮ್ಮ ಸಂಭ್ರಮದಿಂದ ಅಟ್ಟದಿಂದ ಕಾಚಂಪುಳಿ, ಅಂದರೆ ಹುಳಿಹಣ್ಣಿನ ರಸ ಕುದಿಸಿ ಮಾಡಿದ ಕಡುಹುಳಿ, ಇಳಿಸಿದರು. ಹಳೆಯ ರಮ್ ಬಾಟಲಿಯಲ್ಲಿ ವರ್ಷಗಟ್ಟಲೆ ಕೂತು ಕಪ್ಪಾಗಿ ಮಂದವಾದದ್ದು, ಪಂದಿಕರಿಗೆ ಒಂದು ಚಮಚ ಬಿದ್ದರೆ ಬೀದಿಯ ಕೊನೆಯವರೆಗೂ ಸುದ್ದಿ ಮುಟ್ಟಿಸುವಂಥದ್ದು. ತಂಗಿಯ ಮಗ ಅದನ್ನು ಬೆಳಕಿಗೆ ಹಿಡಿದು, "ಮಾವ, ಇದು ಜೀಪಿನ ಆಯಿಲ್ ಅಲ್ಲವಾ?" ಎಂದ. ತೋಟದ ಕರಿಮೆಣಸನ್ನು ವೃತ್ತಪತ್ರಿಕೆಯಲ್ಲಿ ಪೊಟ್ಟಣ ಕಟ್ಟಿದ್ದಕ್ಕೆ ತಂಗಿ, "ಅಣ್ಣ, ಲೇಬಲ್ ಇಲ್ಲದೆ ಯಾರಾದರೂ ನಂಬುತ್ತಾರಾ?" ಎಂದಳು. ಕೊನೆಗೆ ಎಲ್ಲರೂ ಜೀಪಿನಲ್ಲಿ ಮಡಿಕೇರಿಗೆ ಹೋಗಿ ಮೆಣಸು, ಏಲಕ್ಕಿ, ಕಾಫಿಪುಡಿ ಕೊಂಡು ತಂದೆವು. ಮೂರೂ ಅಂಗಳದಲ್ಲಿ ಒಣಗುತ್ತಿದ್ದವು.

ಕಾಫಿಪುಡಿಯ ಪ್ಯಾಕೆಟನ್ನು ಚಿಕ್ಕಪ್ಪ ಕನ್ನಡಕ ಏರಿಸಿ ಓದಿದರು. ಮುಂಭಾಗದಲ್ಲಿ ಮಂಜು, ಬೆಟ್ಟ, ಕೊಡವರ ನಿಲುವಂಗಿ ಕುಪ್ಪಸ ತೊಟ್ಟು ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿಕೊಂಡ ಮೀಸೆಯ ಯಜಮಾನ. ಹಿಂಭಾಗದಲ್ಲಿ ಇರುವೆಯ ಗಾತ್ರದ ಅಕ್ಷರ: ಕಾಫಿ ಶೇ 51, ಚಿಕೋರಿ ಶೇ 49. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಕೂಡದು. ಅಂಗಡಿಯವರು ಅದಕ್ಕಿಂತ ಒಂದು ಕೂದಲೆಳೆಯನ್ನೂ ಹೆಚ್ಚು ಹಾಕಿ ಕಾನೂನಿಗೆ ಅವಮಾನ ಮಾಡಿಲ್ಲ. ದೇಶದ ಕಾಫಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಬೆಳೆಯುವ ಜಿಲ್ಲೆ ನಮ್ಮದು. ನಮ್ಮ ಬೀಜ ಕುಶಾಲನಗರದ, ಹುಣಸೂರಿನ ಕ್ಯೂರಿಂಗ್ ವರ್ಕ್ಸ್ ದಾಟಿ ಹಡಗು ಹತ್ತಿ ಇಟಲಿಗೆ ಹೋಗುತ್ತದೆ. ಚಿಕೋರಿ ಬೇರು ಬೆಳೆಯುವುದು ಗುಜರಾತಿನಲ್ಲಿ. ಅಹಮದಾಬಾದಿನಿಂದ ಬಂದ ಸಂಸಾರವೊಂದು ಅರ್ಧ ಕಿಲೋ ಪುಡಿ ಕೊಂಡು ಹೋದರೆ, ಕಾಲು ಕಿಲೋ ತನ್ನ ತವರಿಗೇ ಮರಳಿದ ಹಾಗಾಯಿತು.

ನಾಮಫಲಕದಲ್ಲಿ ಶೇ 60 ಕನ್ನಡ ಇರಬೇಕೆಂಬ ಕಾನೂನು 2024ರಲ್ಲಿ ಬಂದಾಗ ನಾನು ಆಸೆಪಟ್ಟಿದ್ದೆ. ಫಲಕಗಳು ಬದಲಾದವು. ಈಗ "ಕೂರ್ಗ್ ಸ್ಪೆಷಲ್ ಹೋಂ ಮೇಡ್ ಚಾಕೊಲೇಟ್ಸ್ ಆಂಡ್ ಸ್ಪೈಸಸ್" ಎಂದು ದುಂಡು ಕನ್ನಡ ಅಕ್ಷರಗಳಲ್ಲಿದೆ. ಕಾಫಿಗೆ ಶೇ 51, ಕನ್ನಡಕ್ಕೆ ಶೇ 60. ಕನ್ನಡಕ್ಕೆ ಒಂಬತ್ತು ಅಂಶ ಮೇಲುಗೈ.

ಹೀಗಾಗಿ ನನ್ನದೊಂದು ಸಲಹೆ ಇತ್ತು. ಕೊಡವ ಸಾಹಿತ್ಯ ಅಕಾಡೆಮಿ, ಅರೆಭಾಷೆ ಅಕಾಡೆಮಿ ಎರಡೂ ಮಡಿಕೇರಿಯಲ್ಲೇ ಇವೆ. ನಿಘಂಟು, ಪ್ರಶಸ್ತಿಗಳ ನಡುವೆ ಬಿಡುವು ಮಾಡಿಕೊಂಡು "ಇದು ನಿಮ್ಮ ಮನೆಯಲ್ಲೂ ಬಳಸುತ್ತೀರಾ?" ಎಂಬ ಒಂದೇ ವಾಕ್ಯವನ್ನು ಎರಡೂ ಭಾಷೆಗಳಲ್ಲಿ ಅಚ್ಚುಹಾಕಿಸಿ, ಕುಶಾಲನಗರ, ಸಂಪಾಜೆಯ ಗೇಟಿನಲ್ಲಿ ಪ್ರತಿ ಕಾರಿಗೂ ಹಂಚಬೇಕು. ಆಹಾರ ಇಲಾಖೆಯ ಅರ್ಧ ಕೆಲಸ ಮುಗಿಯುತ್ತದೆ, ಭಾಷೆಯೂ ಉಳಿಯುತ್ತದೆ.

ಸಲಹೆಯನ್ನು ಪರೀಕ್ಷಿಸಲು ಮೈಸೂರಿನ ಗೆಳೆಯನೊಬ್ಬನಿಗೆ ಅರೆಭಾಷೆಯ ವಾಕ್ಯವನ್ನು ಬಾಯಿಪಾಠ ಮಾಡಿಸಿ ಒಳಗೆ ಕಳುಹಿಸಿದೆ. ಆತ ತಡವರಿಸದೆ ಹೇಳಿದ. ಅಂಗಡಿಯವನ ಮುಖ ಅರಳಿತಂತೆ. ಆಚೀಚೆ ನೋಡಿದನಂತೆ, ದನಿ ತಗ್ಗಿಸಿದನಂತೆ. ಹೊರಗಿಟ್ಟ ಕಾಫಿಪುಡಿಯನ್ನು ಮುಟ್ಟಬೇಡಿ ಎಂದು, ಕೆಳಗಿನ ಖಾನೆಯಿಂದ ಚಿತ್ರವಿಲ್ಲದ, ಹೆಸರಿಲ್ಲದ ಪೊಟ್ಟಣವೊಂದನ್ನು ತೆಗೆದು, "ಇದು ನಮ್ಮವರಿಗೆ ಮಾತ್ರ ಇಟ್ಟದ್ದು" ಎಂದನಂತೆ. ಬೆಲೆ ಎಂಬತ್ತು ರೂಪಾಯಿ ಹೆಚ್ಚು. ಗೆಳೆಯ ಗೆದ್ದು ಬಂದವನ ಹಾಗೆ ಅದನ್ನು ನನ್ನ ಕೈಗಿಟ್ಟ. ಲೇಬಲನ್ನು ಉಗುರಿನಿಂದ ಕೆರೆದು ಕಿತ್ತಿದ್ದರು. ಒಂದು ಮೂಲೆ ಮಾತ್ರ ಅಂಟಿಕೊಂಡು ಉಳಿದಿತ್ತು, ಅದರಲ್ಲಿ 49 ಎಂದು ಓದಲು ಬರುತ್ತಿತ್ತು.