ಕಾಯಿಲೆ ಇಲ್ಲದವರಿಗೂ ಜೀನ್ ಪರೀಕ್ಷೆ ಬೇಕಾ?

ಪರ: ಅಪ್ಪನ ಕಡೆ ಯಾರೂ ಕೇಳಲಿಲ್ಲ

ಬೇಕು. ಇದರಲ್ಲಿ ಚರ್ಚೆ ಮಾಡುವಂಥದ್ದು ಏನಿದೆ ಅಂತಲೇ ನನಗೆ ಗೊತ್ತಾಗುವುದಿಲ್ಲ. ಆದರೂ ಕೇಳಿದ್ದೀರಿ, ಹೇಳುತ್ತೇನೆ.

ಅಕ್ಕನ ಎದೆಯಲ್ಲಿ ಗಂಟು ಸಿಕ್ಕಾಗ ಅವಳಿಗೆ 39. ಅದಕ್ಕೂ ನಾಲ್ಕು ವರ್ಷ ಮೊದಲು ಅವಳು ಒಮ್ಮೆ ತಪಾಸಣೆಗೆ ಹೋಗಿದ್ದಳು. "ನಿಮ್ಮ ತಾಯಿ ಕಡೆ ಯಾರಿಗಾದರೂ ಕ್ಯಾನ್ಸರ್ ಇತ್ತಾ?" ಎಂದು ಡಾಕ್ಟರು ಕೇಳಿದರು. ಇಲ್ಲ ಎಂದಳು. ಇರಲೂ ಇಲ್ಲ. "ಹಾಗಾದರೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ" ಎಂದು ಕಳಿಸಿಬಿಟ್ಟರು.

ಅಪ್ಪನ ತಂಗಿ, ನಮ್ಮ ಅತ್ತೆ, 44ನೇ ವಯಸ್ಸಿಗೆ ಅಂಡಾಶಯದ ಕ್ಯಾನ್ಸರಿನಲ್ಲಿ ಹೋಗಿದ್ದರು. ಅಪ್ಪನ ತಾಯಿ ಹೊಟ್ಟೆ ಉಬ್ಬರ ಬಂದು ತೀರಿಕೊಂಡರು ಅಂತಷ್ಟೇ ಮನೆಯಲ್ಲಿ ಹೇಳುತ್ತಿದ್ದರು. ಅಪ್ಪನ ಕಡೆಯದನ್ನು ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಹೆಂಗಸರ ಕಾಯಿಲೆ ಗಂಡಸಿನ ಮೂಲಕ ಬರುತ್ತದೆ ಅಂತ ಯಾರಿಗೆ ಹೊಳೆಯುತ್ತದೆ?

ಬರುತ್ತದೆ. ಬಿಆರ್‌ಸಿಎ1 ಎಂಬ ಜೀನು ಇರುವುದು 17ನೇ ಕ್ರೋಮೋಸೋಮಿನಲ್ಲಿ, ಅಂದರೆ ಜೀನುಗಳನ್ನು ಹೊತ್ತ ಎಳೆಗಳಲ್ಲಿ ಒಂದರಲ್ಲಿ. ಅದು ಹೆಣ್ಣು ಗಂಡು ನೋಡುವುದಿಲ್ಲ. ಎಲ್ಲರಲ್ಲೂ ಇರುವ ಜೀನೇ ಅದು. ತುಂಡಾದ ಡಿಎನ್‌ಎಯನ್ನು ರಿಪೇರಿ ಮಾಡುವುದು ಅದರ ಕೆಲಸ. ರಿಪೇರಿ ಮಾಡುವವನೇ ಕೆಟ್ಟು ಕೂತರೆ ತಪ್ಪುಗಳು ಒಂದರ ಮೇಲೊಂದು ಸೇರುತ್ತಾ ಹೋಗುತ್ತವೆ. ಮೇರಿ-ಕ್ಲೇರ್ ಕಿಂಗ್ ಎಂಬ ವಿಜ್ಞಾನಿ 1990ರಲ್ಲಿ ಅದರ ಜಾಗ ತೋರಿಸಿಕೊಟ್ಟರು. 1994ರಲ್ಲಿ ಜೀನೇ ಕೈಗೆ ಸಿಕ್ಕಿತು. ಇದರ ಕೆಟ್ಟ ಪ್ರತಿ ಇರುವ ನೂರು ಹೆಂಗಸರಲ್ಲಿ ಸುಮಾರು 72 ಮಂದಿಗೆ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುತ್ತದೆ, ಸುಮಾರು 44 ಮಂದಿಗೆ ಅಂಡಾಶಯದ ಕ್ಯಾನ್ಸರ್. ಈ ಕೆಟ್ಟ ಪ್ರತಿ ಇಲ್ಲದ ಹೆಂಗಸರಲ್ಲಿ ಅಂಡಾಶಯದ್ದು ನೂರಕ್ಕೆ ಒಬ್ಬರಿಗೋ ಇಬ್ಬರಿಗೋ. ಈ ಲೆಕ್ಕ ಗೊತ್ತಿದ್ದೂ "ಬೇಡ" ಅನ್ನುವವರ ಹತ್ತಿರ ನಾನು ಏನು ಮಾತಾಡಲಿ?

ಅಕ್ಕನಲ್ಲಿ ಈ ಜೀನು ಕೆಟ್ಟಿದೆ ಅಂತ ರಿಪೋರ್ಟ್ ಬಂದ ಮೇಲೆ, ಇಂಥ ಫಲಿತಾಂಶವನ್ನು ಬಿಡಿಸಿ ಹೇಳುವ ಜೆನೆಟಿಕ್ ಕೌನ್ಸೆಲರ್ ನಮ್ಮಿಬ್ಬರನ್ನೂ ಕೂರಿಸಿಕೊಂಡು ಒಂದು ಹಾಳೆ ಎಳೆದುಕೊಂಡರು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಕಾಯಿಲೆ ಬಂದವರದ್ದು ಕಪ್ಪು, ತೀರಿಹೋದವರ ಮೇಲೊಂದು ಓರೆ ಗೆರೆ. ಅಮ್ಮನ ಕಡೆ ಎಲ್ಲ ಖಾಲಿ. ಅಪ್ಪನ ಕಡೆ ಅಜ್ಜಿಯ ವೃತ್ತ ಕಪ್ಪು, ಗೆರೆ. ಅತ್ತೆಯದು ಕಪ್ಪು, ಗೆರೆ. ಅಕ್ಕನದು ಕಪ್ಪು. ಅಪ್ಪನ ಚೌಕ ಖಾಲಿ ಇತ್ತು. ಅವರು ಅದರ ನಡುವೆ ಒಂದು ಸಣ್ಣ ಚುಕ್ಕೆ ಇಟ್ಟರು, ಅಷ್ಟೆ. ಕಾಯಿಲೆ ಇಲ್ಲ, ಆದರೆ ದಾಟಿಸಿದ್ದಾರೆ ಅಂತ ಅದರ ಅರ್ಥ. ಹತ್ತು ನಿಮಿಷವೂ ಆಗಲಿಲ್ಲ. ಈ ಹಾಳೆಯನ್ನು ನಾಲ್ಕು ವರ್ಷ ಮೊದಲೇ ಯಾರಾದರೂ ಬರೆದಿದ್ದರೆ? ಅಕ್ಕ ಅಳಲಿಲ್ಲ. ಪೆನ್ನು ಇಸಿದುಕೊಂಡು ಅತ್ತೆಯ ವೃತ್ತದ ಕೆಳಗೆ ಅವರ ಹೆಸರು ಬರೆದಳು.

ಆಮೇಲೆ ನನ್ನ ಸರದಿ. ಇದೆಯೋ ಇಲ್ಲವೋ, ಫಿಫ್ಟಿ ಫಿಫ್ಟಿ. ಇತ್ತು. ಅಂಡಾಶಯದ ಕ್ಯಾನ್ಸರನ್ನು ಬೇಗ ಹಿಡಿಯಲು ನಂಬುವಂಥ ತಪಾಸಣೆ ಇವತ್ತಿಗೂ ಇಲ್ಲ. ಅದಕ್ಕೇ 40 ತುಂಬುವ ಮೊದಲೇ ಅಂಡಾಶಯ, ಅಂಡನಾಳ ಎರಡನ್ನೂ ತೆಗೆಸಿಕೊಂಡೆ. ಒಂದೇ ಸಲಕ್ಕೆ ಮುಟ್ಟು ನಿಂತು, ಮೈಯೆಲ್ಲ ಬಿಸಿಯಾಗಿ, ರಾತ್ರಿ ನಿದ್ದೆ ಇಲ್ಲದೆ ಆರು ತಿಂಗಳು ಒದ್ದಾಡಿದೆ. ಸುಲಭ ಅಂತ ನಾನೇನೂ ಹೇಳುತ್ತಿಲ್ಲ. ಎದೆಗೆ ವರ್ಷಕ್ಕೊಮ್ಮೆ ಎಂಆರ್‌ಐ ಇದೆ. ಆ ಯಂತ್ರದೊಳಗೆ ಬೋರಲು ಮಲಗಿದಾಗೆಲ್ಲ ನನಗೆ ಅತ್ತೆಯದೇ ನೆನಪು. ಅವರಿಗೆ ಈ ಅವಕಾಶವೇ ಸಿಗಲಿಲ್ಲ.

ಕ್ಯಾನ್ಸರ್ ಒಂದೇ ಅಲ್ಲ. ಎಚ್‌ಐವಿಗೆ ಕೊಡುವ ಅಬಕಾವಿರ್ ಎಂಬ ಮಾತ್ರೆ ಕೆಲವರ ಮೈಗೆ ವಿಷದ ಹಾಗೆ ಆಗುತ್ತದೆ. ಯಾರಿಗೆ ಅನ್ನುವುದು ಒಂದು ಜೀನ್ ನೋಡಿದರೆ ಮೊದಲೇ ಗೊತ್ತಾಗುತ್ತದೆ. ಹಾಗಾಗಿ ಮೊದಲು ಪರೀಕ್ಷೆ, ಆಮೇಲೆ ಮಾತ್ರೆ. ಮನುಷ್ಯನ ಡಿಎನ್‌ಎಯ 300 ಕೋಟಿ ಅಕ್ಷರ ಓದಲು ಮೊದಲ ಸಲ 1990ರಿಂದ 2003ರವರೆಗೆ ಹಿಡಿಯಿತು. ಈಗ ಕೆಲವು ದಿನ ಸಾಕು. ಓದಲು ಬರುತ್ತೆ ಅಂದಮೇಲೆ ಯಾಕೆ ಓದಬಾರದು?

ಎದುರಿನವರು ಹಂಟಿಂಗ್ಟನ್ ಕಾಯಿಲೆಯ ಮಾತು ತೆಗೆಯುತ್ತಾರೆ. ಮಿದುಳನ್ನು ನಿಧಾನವಾಗಿ ಕೆಡಿಸುವ, ವಂಶದಲ್ಲಿ ಇಳಿದು ಬರುವ ಕಾಯಿಲೆ ಅದು. ಮದ್ದಿಲ್ಲದ್ದನ್ನು ತಿಳಿದು ಏನು ಮಾಡುವುದು ಅಂತ. ತೀರಾ ಅಪರೂಪದ ಕಾಯಿಲೆ ಅದು. ಅದನ್ನು ಹಿಡಿದುಕೊಂಡು ಜಗ್ಗಾಡುವುದು ಹೆದರಿಕೆಗೆ ಒಂದು ನೆಪ, ಬಿಡಿ.

ಹೆದರಿಕೆ ಅಂದಾಗ ನಮ್ಮ ತಮ್ಮನನ್ನು ಹೇಳಬೇಕು. "ನಾನು ಗಂಡಸು, ನನಗ್ಯಾಕೆ ಅದೆಲ್ಲ" ಅನ್ನುತ್ತಾನೆ. ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಆ ಹಾಳೆ ನನ್ನ ಹತ್ತಿರವೇ ಇದೆ. ಅವನ ಚೌಕದೊಳಗೆ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಹಾಕಿಟ್ಟಿದ್ದೇನೆ. ಅಳಿಸಲು ಆಗಲಿ ಅಂತಲೇ ಪೆನ್ಸಿಲು.

ವಿರೋಧ: ನಾನಿನ್ನೂ ಒತ್ತದ ಗುಂಡಿ

ನನ್ನ ಪಾಲಿಗೆ ಬಂದದ್ದು ವಿರೋಧ. ಪರ ಬರೆಯಲು ಆಗಲೇ ಒಬ್ಬರು ಒಪ್ಪಿದ್ದರಂತೆ. ಮೊದಲೇ ಹೇಳಿಬಿಡುತ್ತೇನೆ, ನಾನು ಅರ್ಧ ಆ ಕಡೆಯವನೇ. ಹೋದ ವರ್ಷ ಗೆಳೆಯರು ಹುಟ್ಟುಹಬ್ಬಕ್ಕೆ ಡಿಎನ್‌ಎ ಕಿಟ್ ಕೊಟ್ಟಿದ್ದರು. ಅರ್ಧ ಗಂಟೆ ಏನೂ ತಿನ್ನದೆ, ಕುಡಿಯದೆ ಇದ್ದು, ಪ್ಲಾಸ್ಟಿಕ್ ನಳಿಕೆಗೆ ಗೆರೆ ಮುಟ್ಟುವ ತನಕ ಉಗುಳಿ ಕಳಿಸಿದೆ. ನೊರೆ ಲೆಕ್ಕಕ್ಕಿಲ್ಲವಂತೆ. ಆ ಗೆರೆ ಮುಟ್ಟಿಸುವುದು ಅಂದುಕೊಂಡಷ್ಟು ಸುಲಭವಲ್ಲ.

ರಿಪೋರ್ಟ್ ಬಂತು. ನನ್ನ ಕಿವಿಯ ಗುಗ್ಗೆ ಒದ್ದೆ ಬಗೆಯದಂತೆ. ಅದಕ್ಕೂ ಒಂದು ಜೀನ್ ಇದೆ, ನಿಜವಾಗಿಯೂ. ಆದರೆ ಕಿವಿ ನನ್ನದೇ ಅಲ್ವಾ, ನನಗೆ ಗೊತ್ತಿತ್ತು.

ಸರಿ, ವಿರೋಧಕ್ಕೆ ಬರೋಣ. ಮೊದಲನೆಯದು, ಈ ಪರೀಕ್ಷೆಗಳು ಹೇಳುವುದೆಲ್ಲ ಖಚಿತವಲ್ಲ. ಮನೆಯಲ್ಲೇ ಮಾಡಿಕೊಳ್ಳುವ ಕಿಟ್‌ಗಳ ಕಚ್ಚಾ ಮಾಹಿತಿಯಲ್ಲಿ "ದೋಷ ಇದೆ" ಎಂದು ಕಂಡದ್ದನ್ನು 2018ರಲ್ಲಿ ಒಂದು ಪ್ರಯೋಗಾಲಯ ಮತ್ತೆ ಪರೀಕ್ಷಿಸಿತು. ನೂರಕ್ಕೆ 40 ಸುಳ್ಳು. ಆಸ್ಪತ್ರೆಯ ಪರೀಕ್ಷೆಯಲ್ಲೂ "ಇಲ್ಲೊಂದು ಬದಲಾವಣೆ ಇದೆ, ಅದರ ಅರ್ಥ ಗೊತ್ತಿಲ್ಲ" ಎಂಬ ಉತ್ತರ ಬರುವುದುಂಟು. ಅದನ್ನು ಇಟ್ಟುಕೊಂಡು ಏನು ಮಾಡುವುದು?

ಎರಡನೆಯದು, ಮದ್ದಿಲ್ಲದ ಕಾಯಿಲೆಗಳು. ಹಂಟಿಂಗ್ಟನ್ ಜೀನ್ ಸಿಕ್ಕಿದ್ದು 1993ರಲ್ಲಿ. ಅದರ ಹುಡುಕಾಟದ ಮುಂದಾಳು ನ್ಯಾನ್ಸಿ ವೆಕ್ಸ್ಲರ್. ಅವರ ತಾಯಿಗೆ ಅದೇ ಕಾಯಿಲೆ ಇತ್ತು. ಪರೀಕ್ಷೆ ಬಂದ ಮೇಲೆ, ನೀವು ಮಾಡಿಸಿಕೊಂಡಿರಾ ಎಂದು ಕೇಳಿದವರಿಗೆಲ್ಲ ವರ್ಷಗಟ್ಟಲೆ ಉತ್ತರ ಕೊಡಲಿಲ್ಲ. ತಮಗೂ ಅದು ಇದೆ ಎಂದು ಬಾಯಿಬಿಟ್ಟು ಹೇಳಿದ್ದು 2020ರಲ್ಲಿ. ಈ ಕಾಯಿಲೆ ಬರಬಹುದಾದವರಲ್ಲಿ ಐವರಿಗೆ ಒಬ್ಬರೂ ಪರೀಕ್ಷೆಗೆ ಮುಂದೆ ಬರುವುದಿಲ್ಲ. ಅವರೆಲ್ಲ ಪುಕ್ಕಲರು ಅಂತೀರಾ?

ಮೂರನೆಯದು, ಮಾಹಿತಿ ಸೋರುವುದು. ಇಂಥ ಡಿಎನ್‌ಎ ಕಿಟ್ ಮಾರುವ ಟ್ವೆಂಟಿತ್ರೀ ಆಂಡ್ ಮಿ ಕಂಪನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಕಳುವಾಯಿತು. 2025ರ ಮಾರ್ಚಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ನನ್ನ ಉಗುಳು ಇರುವುದು ಬೇರೆ ಕಂಪನಿಯಲ್ಲಿ, ಪುಣ್ಯ.

ಎದುರಿನವರು ಏನು ಬರೆದಿದ್ದಾರೋ ನಾನು ಓದಿಲ್ಲ. ಆಂಜೆಲಿನಾ ಜೋಲಿ ಹೆಸರು ಬಂದೇ ಬಂದಿರುತ್ತದೆ. ಬಿಆರ್‌ಸಿಎ1 ಕೆಟ್ಟಿದೆ ಅಂತ ಎರಡೂ ಸ್ತನ ಮೊದಲೇ ತೆಗೆಸಿಕೊಂಡದ್ದನ್ನು ಆ ಹಾಲಿವುಡ್ ನಟಿ 2013ರಲ್ಲಿ ಹೇಳಿಕೊಂಡದ್ದು ಧೈರ್ಯದ ಮಾತೇ. ಹಾಗಂತ ಊರವರೆಲ್ಲ ಮುಂದೆಂದೋ ಕೆಡಬಹುದಾದ ಅಂಗಗಳನ್ನು ಒಂದೊಂದಾಗಿ ತೆಗೆಸಿಕೊಳ್ಳುತ್ತಾ ಹೋಗುವುದಾ?

ಇನ್ನು ನನ್ನ ರಿಪೋರ್ಟಿನ ಒಂದು ಪುಟ. ಅದಕ್ಕೆ ಬೀಗ ಇದೆ. ಮರೆವಿನ ಕಾಯಿಲೆ ಆಲ್ಜೈಮರ್ಸ್‌ಗೆ ಸಂಬಂಧಪಟ್ಟ ಎಪಿಒಇ ಜೀನ್ ಅಲ್ಲಿದೆ. ನೋಡಬೇಕಾದರೆ "ನನಗೆ ಅರ್ಥವಾಗಿದೆ, ತೋರಿಸಿ" ಎಂಬ ಗುಂಡಿ ಒತ್ತಬೇಕು. ಡಿಎನ್‌ಎ ರಚನೆ ಕಂಡುಹಿಡಿದವರಲ್ಲಿ ಒಬ್ಬರಾದ ಜೇಮ್ಸ್ ವಾಟ್ಸನ್ 2007ರಲ್ಲಿ ತಮ್ಮ ಜೀನೋಮನ್ನು, ಅಂದರೆ ತಮ್ಮ ಡಿಎನ್‌ಎಯ ಪೂರ್ತಿ ಬರಹವನ್ನು, ಇಡೀ ಜಗತ್ತಿನ ಮುಂದೆ ಇಟ್ಟರು, ಇದೊಂದು ಜೀನನ್ನು ಬಿಟ್ಟು. ಅದು ತಮಗೂ ಬೇಡ ಎಂದರು. ವಾಟ್ಸನ್‌ಗೇ ಬೇಡವಾದದ್ದು ನನಗ್ಯಾಕೆ ಎಂದು ಹನ್ನೊಂದು ತಿಂಗಳಿಂದ ನೆಪ ಹೇಳಿಕೊಂಡಿದ್ದೇನೆ.

ನಿಜವಾದ ಕಾರಣ ತಂಗಿ. ನಮ್ಮ ಅಮ್ಮ ಕೊನೆಯ ಮೂರು ವರ್ಷ ನಮ್ಮಿಬ್ಬರ ಹೆಸರನ್ನೂ ಮರೆತಿದ್ದರು. ಬೀಗದ ಪುಟದ ವಿಷಯ ಹೇಳಿದಾಗ ತಂಗಿ ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನೀನು ಬೇಕಾದರೆ ನೋಡಿಕೋ ಅಣ್ಣಾ. ನನಗೆ ಮಾತ್ರ ಹೇಳಬೇಡ" ಎಂದಳು. ಆಯ್ತು, ಹೇಳಲ್ಲ ಅಂದೆ.

"ನೀನು ಹೇಳೋದು ಬೇಕಾಗಿಲ್ಲ. ನಿನ್ನ ಮುಖ ನೋಡಿದರೆ ನಂಗೆ ಗೊತ್ತಾಗಿಬಿಡುತ್ತೆ."