ಮೊದಲು ಆ ಕಾಲುದಾರಿ ಯಾರದ್ದು ಅಂತ ಕೇಳಿ

ನಗರದಲ್ಲಿ ಖಾಲಿ ಬಿದ್ದ ಯಾವುದೇ ಜಾಗದ ಮುಂದೆ ಒಂದು ಹತ್ತು ನಿಮಿಷ ನಿಂತು ನೋಡಿ. ಗಿಡಗಂಟಿ, ಒಡೆದ ಇಟ್ಟಿಗೆ, ಪ್ಲಾಸ್ಟಿಕ್ ಕವರು. ಅವುಗಳ ನಡುವೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಅಡ್ಡಲಾಗಿ ಒಂದಡಿ ಅಗಲದ ಕಾಲುದಾರಿ ಕಾಣುತ್ತದೆ. ಅದನ್ನು ಯಾರೂ ಪ್ಲಾನ್ ಮಾಡಿದ್ದಲ್ಲ. ಜನ ದಿನಾ ನಡೆದು ನಡೆದು ಆದದ್ದು. ಜಾಗವನ್ನು ಚೆಂದ ಮಾಡುತ್ತೇವೆ ಅಂತ ಬರುವವರು ಮೊದಲು ಅಳಿಸುವುದು ಆ ದಾರಿಯನ್ನೇ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ಕೆಲವು ವರ್ಷಗಳ ಹಿಂದೆ ಇಂಥದ್ದೇ ಒಂದು ಜಾಗದ ಬಗ್ಗೆ ಜನರ ಅಭಿಪ್ರಾಯ ಕೇಳುವ ಸಭೆಗೆ ಹೋಗಿದ್ದೆ. ಗೋಡೆಯ ಮೇಲೆ ಬಣ್ಣಬಣ್ಣದ ನಕ್ಷೆ ಆಗಲೇ ಅಂಟಿಸಿತ್ತು. ಕಾರಂಜಿ ಎಡಕ್ಕೆ ಇರಲಾ, ಬಲಕ್ಕೆ ಇರಲಾ ಅಂತ ಕೇಳಿದರು. ವಯಸ್ಸಾದ ಒಬ್ಬರು ಎದ್ದು ನಿಂತು, "ನಾನು ಬೆಳಿಗ್ಗೆ ಬಸ್ ಹಿಡಿಯೋಕೆ ಅದರೊಳಗಿಂದಲೇ ಹೋಗೋದು. ಗೇಟ್ ಎಷ್ಟು ಗಂಟೆಗೆ ತೆಗೀತೀರಿ?" ಅಂದರು. ಉತ್ತರ ಯಾರ ಹತ್ತಿರವೂ ಇರಲಿಲ್ಲ. ಅವರು ನಡೆಯುತ್ತಿದ್ದ ಜಾಗದಲ್ಲಿ ನಕ್ಷೆಯವರು ಹೂವಿನ ಪಾತಿ ಬರೆದಿದ್ದರು.

"ನಿಮಗೇನು ಬೇಕು?" ಅಂತ ಕೇಳಿದರೆ ಜನ ಬೇರೆ ಕಡೆ ನೋಡಿದ್ದನ್ನೇ ಹೇಳುತ್ತಾರೆ. ಉಯ್ಯಾಲೆ, ಬೆಂಚು, ವಾಕಿಂಗ್ ಟ್ರ್ಯಾಕ್. ಅದು ಅವರ ತಪ್ಪಲ್ಲ, ಪ್ರಶ್ನೆಯೇ ಅಷ್ಟು. ಈಗ ಇಲ್ಲಿ ಏನು ಮಾಡುತ್ತೀರಿ? ಯಾವ ಹೊತ್ತಿನಲ್ಲಿ ಇಲ್ಲಿ ಬರೋಕೆ ಭಯ? ಜೋರು ಮಳೆಗೆ ನೀರು ಎಲ್ಲಿ ನಿಲ್ಲುತ್ತದೆ? ಎರಡು ವರ್ಷ ಆದ ಮೇಲೂ ಗಿಡಕ್ಕೆ ನೀರು ಹಾಕೋರು ಯಾರು? ಇವನ್ನು ಕೇಳಿ. ಅದೂ ಸಭಾಂಗಣದಲ್ಲಿ ಅಲ್ಲ, ಆ ಜಾಗದಲ್ಲೇ ನಿಂತು, ಕೆಲಸ ಮುಗಿಸಿ ಜನ ವಾಪಸ್ ಬರುವ ಹೊತ್ತಿಗೆ. ಮಕ್ಕಳನ್ನೂ ಕೇಳಿ. ಯಾವ ಗುಂಡಿಯಲ್ಲಿ ಕಪ್ಪೆ ಇದೆ ಅಂತ ಅವರಿಗೇ ಗೊತ್ತಿರೋದು.

ಮಣ್ಣನ್ನೂ ಕೇಳಬೇಕು. ಗುದ್ದಲಿ ಹಾಕಿದರೆ ನಾಲ್ಕು ಇಂಚಿಗೇ ಠಣ್ ಅನ್ನುತ್ತದೆ. ಕೆಳಗೆಲ್ಲ ಕೆಡವಿದ ಕಟ್ಟಡದ ಇಟ್ಟಿಗೆ, ಕಾಂಕ್ರೀಟು. ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ, ಪಕ್ಕದಲ್ಲಿ ಕೂತು ನೋಡಿ. ಅದು ಇಂಗಿದ ಮೇಲೆ ಇನ್ನೊಂದು ಸಲ ತುಂಬಿಸಿ. ಎರಡನೇ ಸಲದ ನೀರು ಮಾರನೇ ದಿನವೂ ಹಾಗೇ ನಿಂತಿದ್ದರೆ ಅಲ್ಲಿ ಮಳೆ ನೀರು ಇಂಗಿಸುವ ಮಾತು ಸದ್ಯಕ್ಕೆ ಬೇಡ. ಒಂದು ಗಾಜಿನ ಬಾಟಲಿಗೆ ಅರ್ಧ ಮಣ್ಣು, ಅರ್ಧ ನೀರು ಹಾಕಿ ಚೆನ್ನಾಗಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳಕ್ಕೆ ಕೂರುತ್ತದೆ. ಜೇಡಿಗೆ ಒಂದು ದಿನಕ್ಕಿಂತ ಜಾಸ್ತಿ ಬೇಕು. ಹಳೆ ಪೇಂಟು, ಹಳೆ ಪೆಟ್ರೋಲಿನ ಹೊಗೆಯಿಂದ ಬಂದ ಸೀಸ ಮಣ್ಣಿನಲ್ಲಿ ಉಳಿದಿರಬಹುದು. ಸೂರ್ಯಕಾಂತಿ ನೆಟ್ಟರೆ ಎಲ್ಲ ಹೀರಿಕೊಳ್ಳುತ್ತದೆ ಅನ್ನುವುದನ್ನು ಮಾತ್ರ ನಂಬಬೇಡಿ, ಸೀಸ ಅಷ್ಟು ಸುಲಭಕ್ಕೆ ಮಣ್ಣು ಬಿಟ್ಟು ಬರಲ್ಲ. ಪರೀಕ್ಷೆ ಮಾಡಿಸಿ. ಸೀಸ ಇದ್ದರೆ, ತಿನ್ನುವ ಬೆಳೆಯನ್ನು ಹೊರಗಿನ ಒಳ್ಳೆ ಮಣ್ಣು ತುಂಬಿದ ಎತ್ತರದ ಮಡಿಯಲ್ಲಿ ಬೆಳೆಸಿ.

ಇಷ್ಟೆಲ್ಲ ಮಾಡೋಕೆ ದುಡ್ಡು ಎಲ್ಲಿಂದ ಬರಬೇಕು ಅಂತ ಕೇಳುವವರಿಗೆ ನಾನು ಅಮೆರಿಕದ ಫಿಲಡೆಲ್ಫಿಯಾ ನಗರದ ಕಡೆ ಕೈ ತೋರಿಸುತ್ತೇನೆ. ಅಲ್ಲಿ 541 ಖಾಲಿ ಸೈಟುಗಳನ್ನು ಆರಿಸಿ, ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದಕ್ಕೆ ಕಸ ತೆಗೆದು, ನೆಲ ಸಮ ಮಾಡಿ, ಹುಲ್ಲು ಹಾಸಿ, ಕೆಲವೇ ಮರ ನೆಟ್ಟು, ಒಳಗೆ ಹೋಗಲು ಜಾಗ ಬಿಟ್ಟು ಮೊಣಕಾಲೆತ್ತರದ ಮರದ ಬೇಲಿ. ಇನ್ನೊಂದಕ್ಕೆ ಬರೀ ಕಸ ತೆಗೆದು ಹುಲ್ಲು ಕತ್ತರಿಸೋದು. ಮೂರನೆಯದನ್ನು ಹಾಗೇ ಬಿಟ್ಟರು. 2018ರಲ್ಲಿ ಬಂದ ಫಲಿತಾಂಶ ಓದಿ ನಾನು ಸುಮ್ನೆ ಕೂತುಬಿಟ್ಟೆ. ಹಸಿರು ಮಾಡಿದ ಸೈಟುಗಳ ಹತ್ತಿರ ಇದ್ದವರಲ್ಲಿ, ಏನೂ ಮಾಡದ ಕಡೆಗೆ ಹೋಲಿಸಿದರೆ, ಮನಸ್ಸು ಕುಗ್ಗಿದೆ ಅಂದವರು 41.5 ಶೇಕಡಾ ಕಡಿಮೆಯಾಗಿದ್ದರು. ಬರೀ ಕಸ ತೆಗೆದ ಕಡೆ ಆ ಬದಲಾವಣೆ ಸಿಗಲಿಲ್ಲ. ಕೆಲಸ ನಡೆದ ಸೈಟುಗಳ ಸುತ್ತ, ಬಡವರು ಜಾಸ್ತಿ ಇರುವ ಬಡಾವಣೆಗಳಲ್ಲಿ ಬಂದೂಕಿನ ಅಪರಾಧ ಸುಮಾರು 29 ಶೇಕಡಾ ಇಳಿದಿತ್ತು.

ದೊಡ್ಡ ಖರ್ಚಿನ ಕಾರಂಜಿ ಇಲ್ಲ, ಕಲ್ಲಿನ ಕಮಾನು ಇಲ್ಲ. ಆದರೆ ಹುಲ್ಲು ಕತ್ತರಿಸೋಕೆ ತಪ್ಪದೆ ಜನ ಬರುತ್ತಿದ್ದರು. ನಮ್ಮ ಎಷ್ಟೋ ಒಳ್ಳೆ ಕೆಲಸಗಳನ್ನು ಕೊಲ್ಲುವುದು ಆರಂಭಶೂರತ್ವ. ಹಾಗಾಗಿ ಖರ್ಚಿನ ಪಟ್ಟಿಯಲ್ಲಿ ಗಿಡ ನೆಡುವ ದಿನಕ್ಕಿಂತ ಆಮೇಲಿನ ಐದು ವರ್ಷಕ್ಕೆ ಜಾಸ್ತಿ ಇಡಿ ಅನ್ನುತ್ತೇನೆ.

ಎಲ್ಲವನ್ನೂ ನಾವೇ ನೆಡಬೇಕು ಅಂತಲೂ ಇಲ್ಲ. ಬರ್ಲಿನ್‌ನಲ್ಲಿ 1952ರಲ್ಲಿ ಮುಚ್ಚಿದ ಒಂದು ರೈಲ್ವೆ ಯಾರ್ಡ್ ಇತ್ತು. ಹಳಿಗಳ ನಡುವೆ ತಾನಾಗಿಯೇ ಬರ್ಚ್ ಮರಗಳು ಎದ್ದವು, ಹುಲ್ಲುಗಾವಲಾಯಿತು. ಮತ್ತೆ ಅಲ್ಲಿ ಗೂಡ್ಸ್ ಯಾರ್ಡ್ ಕಟ್ಟುವ ಯೋಜನೆ ಬಂದಾಗ ಸುತ್ತಲಿನ ಜನ ಒಟ್ಟಾಗಿ ಅಡ್ಡ ನಿಂತರು. 2000ದಲ್ಲಿ ಅದೇ ಸುಮಾರು 18 ಹೆಕ್ಟೇರ್ ಜಾಗ ಝೂಡ್‌ಗೆಲೆಂಡೆ ನೇಚರ್ ಪಾರ್ಕ್ ಆಗಿ ತೆರೆಯಿತು. ಗಿಡ ತುಳಿಯದ ಹಾಗೆ ನೆಲದಿಂದ ಸ್ವಲ್ಪ ಎತ್ತರಕ್ಕೆ ಕಬ್ಬಿಣದ ದಾರಿ ಮಾಡಿದರು, ಹಳಿಗಳನ್ನು ಕೀಳಲಿಲ್ಲ. ಹಾಳು ಜಾಗ ಅಂತ ನಾವು ಹೆಸರಿಡುವ ಹೊತ್ತಿಗೆ ಅಲ್ಲಿ ಯಾರೋ ಮನೆ ಮಾಡಿರುತ್ತಾರೆ. ದುಂಬಿ, ಜೇನಿನ ಜಾತಿಗಳಲ್ಲಿ ಸುಮಾರು 70 ಶೇಕಡಾ ನೆಲದಲ್ಲೇ ಬಿಲ ತೋಡಿ ಮೊಟ್ಟೆ ಇಡುತ್ತವೆ. ಇಡೀ ಜಾಗಕ್ಕೆ ಹುಲ್ಲುಹಾಸು, ಟೈಲ್ಸು ಹಾಕಿದರೆ ಅವು ಎಲ್ಲಿಗೆ ಹೋಗಬೇಕು? ಬಿಸಿಲು ಬೀಳುವ ಒಂದು ಮೂಲೆಯನ್ನು ಬರಿ ಮಣ್ಣಾಗಿ ಬಿಡಿ. ಬಿದ್ದ ಮರದ ದಿಮ್ಮಿಯನ್ನು ಎತ್ತಿಸಬೇಡಿ. ಇದಕ್ಕೆ ಒಂದು ಪೈಸೆಯೂ ಬೇಡ.

ಕಡೆಗೆ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯ, ಜಾಗದ ಕಾಗದ. 1973ರಲ್ಲಿ ನ್ಯೂಯಾರ್ಕ್‌ನ ಲಿಜ್ ಕ್ರಿಸ್ಟಿ ಮತ್ತು ಜೊತೆಗಾರರು ಕಸ ತುಂಬಿದ್ದ ಒಂದು ಸೈಟನ್ನು ತೋಟ ಮಾಡಿದರು. ಮರುವರ್ಷ ನಗರಾಡಳಿತ ಅದನ್ನು ತಿಂಗಳಿಗೆ 1 ಡಾಲರ್ ಬಾಡಿಗೆಗೆ ಕೊಟ್ಟಿತು. ಅದನ್ನು ನೋಡಿ ನಗರದಲ್ಲಿ ನೂರಾರು ತೋಟಗಳಾದವು. ಆದರೆ 1999ರಲ್ಲಿ ಅಂಥ ನೂರಕ್ಕೂ ಹೆಚ್ಚು ತೋಟಗಳನ್ನು ಹರಾಜಿಗೆ ಇಡಲು ಆಡಳಿತ ಹೊರಟಿತು. ಜನ ಬೀದಿಗಿಳಿದರು. ಎರಡು ಸಂಸ್ಥೆಗಳು ಹಣ ಹೊಂದಿಸಿ ಕೊಂಡುಕೊಂಡಿದ್ದರಿಂದ ಅವು ಉಳಿದವು.

ಜನರನ್ನು ಕರೆದು ಅಭಿಪ್ರಾಯ ಕೇಳಿ, ಅವರ ಕೈಯಿಂದಲೇ ಕಲ್ಲು ಹೆಕ್ಕಿಸಿ, ಮಣ್ಣು ಹದ ಮಾಡಿಸಿ, ಬೆಲೆ ಏರಿದ ಮೇಲೆ ಎದ್ದು ಹೋಗಿ ಅನ್ನುವುದು ಅನ್ಯಾಯ ಅಲ್ವಾ? ಮನೆ ಕಟ್ಟೋಕೆ ಜಾಗ ಬೇಕು ಅನ್ನುವ ವಾದವನ್ನು ನಾನು ತಳ್ಳಿ ಹಾಕುವುದಿಲ್ಲ. ಎಷ್ಟೋ ಕಡೆ ಅದೇ ಸರಿ ಇರಬಹುದು. ಹಾಗಿದ್ದರೆ ಅದನ್ನು ಮೊದಲ ಸಭೆಯಲ್ಲೇ ಹೇಳಿ. ಐದು ವರ್ಷಕ್ಕೆ ಮಾತ್ರ ಅಂದರೆ ಜನ ಮರ ನೆಡಲ್ಲ, ಎತ್ತಿಕೊಂಡು ಹೋಗಬಹುದಾದ ಪೆಟ್ಟಿಗೆಗಳಲ್ಲಿ ಸೊಪ್ಪು ಬೆಳೆಯುತ್ತಾರೆ. ಮೂವತ್ತು ವರ್ಷ ಅಂದರೆ ನೆರಳಿನ ಮರ ನೆಡುತ್ತಾರೆ. ನಕ್ಷೆ ಬರೆಯುವ ಮೊದಲು ಆ ವರ್ಷದ ಲೆಕ್ಕ ಸಹಿ ಹಾಕಿದ ಕಾಗದದಲ್ಲಿ ಜನರ ಕೈಗೆ ಬರಲಿ.